ಇಸಾರ ಕೊಡುವ ಮುನ್ನ

ಕರಜಗಿ

ಚಿರಂಜೀವಿ ಮಗಳಿಗೆ,

ನೀನು ಪುಣೆಯಿಂದ ಕಳಿಸಿದ ಫೋಟೋ ನೋಡಿದೆ. ಊರ ಹೊರಗೆ, ಅಫಜಲಪುರದ ರಸ್ತೆಯ ಮಗ್ಗುಲಿಗೆ, ನಾಲ್ಕು ಮೂಲೆಗೆ ಕಲ್ಲು ನೆಟ್ಟು ಸುಣ್ಣ ಬಳಿದ 30–40ರ ಪ್ಲಾಟು. ‘ಖುಲ್ಲಾ ಜಾಗ ಅದ ಕಾಕಾ, ಎನ್‌ಎ ಆಗೇದ ಅಂತಾರ, ಇಸಾರ ಕೊಟ್ಟುಬಿಡಲೇನು?’ ಎಂದು ಕೇಳಿದ್ದೀಯ. ಅದು ಬೇಡವಾದರೆ ಊರೊಳಗೆ ಬಿದ್ದಿರುವ ನಮ್ಮ ಹಳೇ ಮನೆಯ ಜಾಗದಲ್ಲೇ ಕಟ್ಟಿದರೆ ಹೇಗೆ ಎಂದೂ ಕೇಳಿದ್ದೀಯ. ಸ್ವಂತ ದುಡಿಮೆಯ ದುಡ್ಡಿನಲ್ಲಿ ಹುಟ್ಟಿದ ಊರಲ್ಲಿ ಮನೆ ಮಾಡಬೇಕೆಂಬ ಆಸೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳಿಗೆ ಬಂದಿದೆಯಲ್ಲ, ಅದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ. ಆ ದುಡ್ಡಿನ ಒಂದು ಪೈಸೆಯೂ ಹಾಳಾಗಬಾರದು ಎಂಬ ಕಳವಳವೂ ಅಷ್ಟೇ ಇದೆ. ಅದಕ್ಕೇ ಫೋನಿನಲ್ಲಿ ಹೂಂ ಅನ್ನದೆ ಕಾಗದ ಬರೆಯಲು ಕುಳಿತೆ.

ಭೂಮಾಪನದ ಕೆಲಸದಲ್ಲೇ ತಲೆ ನೆರೆಯಿಸಿಕೊಂಡವನು ನಾನು. ನಿನಗೆ ಹೇಳಬೇಕಾದದ್ದು ಒಂದೇ ಮಾತು ಅವ್ವಾ. ಜಾಗ ಖಾಲಿ ಇರುವುದು ಬೇರೆ, ಅಲ್ಲಿ ಮನೆ ಕಟ್ಟಲು ಬರುವುದು ಬೇರೆ. ಖಾಲಿ ಇದೆ ಎಂಬುದನ್ನು ಕಣ್ಣು ಹೇಳುತ್ತದೆ. ಕಟ್ಟಲು ಬರುತ್ತದೋ ಇಲ್ಲವೋ ಎಂಬುದನ್ನು ಕಾಗದ, ನಕಾಶೆ, ಮಣ್ಣು, ನೀರು ಈ ನಾಲ್ಕೂ ಹೇಳಬೇಕು. ನಾಲ್ಕರಲ್ಲಿ ಒಂದು ಒಪ್ಪದಿದ್ದರೂ ಇಸಾರ, ಅಂದರೆ ಮುಂಗಡ, ಕೊಡಬೇಡ.

ಕಾಗದದಿಂದ ಶುರು ಮಾಡೋಣ. ಮಾರುವವರು ಪ್ಲಾಟ್ ನಂಬರ್ ಹೇಳುತ್ತಾರೆ. ನೀನು ಸರ್ವೆ ನಂಬರ್ ಮತ್ತು ಹಿಸ್ಸಾ ಕೇಳು. ಅದು ಸಿಕ್ಕರೆ ಪಹಣಿಯನ್ನು ಪುಣೆಯಲ್ಲಿ ಕುಳಿತೇ ನೋಡಬಹುದು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅದಕ್ಕೆ ಮೊದಲು ಒಂದು ಪಹಣಿ ಉತಾರಕ್ಕಾಗಿ ರೈತ ಎಷ್ಟು ಬಾಗಿಲು ತಿರುಗುತ್ತಿದ್ದ ಎಂಬುದನ್ನು ಕಂಡ ನಮಗೆ ಅದರ ಬೆಲೆ ಗೊತ್ತು. ಪಹಣಿಯಲ್ಲಿ ಹೆಸರು ನೋಡಿ ಮಡಚಿಡಬೇಡ. 9ನೇ ಕಾಲಂ ಸ್ವಾಧೀನದಾರರ ಹೆಸರು ಹೇಳುತ್ತದೆ, 10ನೆಯದು ಆ ಜಮೀನು ಅವರಿಗೆ ಹೇಗೆ ಬಂತು ಎಂಬುದನ್ನು. ಇತರ ಹಕ್ಕುಗಳು ಮತ್ತು ಋಣಗಳು 11ರಲ್ಲಿ ಇರುತ್ತವೆ. ಬ್ಯಾಂಕಿನ ಬೋಜಾ, ಕೋರ್ಟಿನ ತಡೆ, ಪರಭಾರೆ ಮಾಡಬಾರದೆಂಬ ಷರತ್ತು ಕಾಣಿಸುವುದು ಅಲ್ಲಿ. 3ನೇ ಕಾಲಂನಲ್ಲಿ ಖರಾಬು ಎಷ್ಟಿದೆ ನೋಡು. ಕಲ್ಲು, ದಿಬ್ಬ ಇದ್ದು ಸಾಗುವಳಿಗೆ ಬಾರದ ನೆಲ ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನ ಮುಂತಾಗಿ ಎಲ್ಲರಿಗೂ ಸೇರಿದ್ದು ‘ಬಿ’ ಖರಾಬು. ‘ಬಿ’ ಖರಾಬಿನ ಮೇಲೆ ಯಾರೂ ಮನೆ ಕಟ್ಟುವಂತಿಲ್ಲ, ಮಾರುವಂತೆಯೂ ಇಲ್ಲ. ಹೊಲದಂಚಿನ ಪ್ಲಾಟುಗಳು ಇದರ ಮೇಲೆ ಬಿದ್ದಿರುವುದು ಅಪರೂಪವೇನಲ್ಲ. ಗಾಯರಾಣದ ಮಾತೂ ಅಷ್ಟೆ. ಊರ ದನ ಮೇಯಲು ಬಿಟ್ಟ ಸರಕಾರಿ ನೆಲ ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಖಾಸಗಿಯಾಗುವುದಿಲ್ಲ.

ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆ ಎಂಬುದನ್ನು ಬಾಯಿಮಾತಿನಲ್ಲಿ ನಂಬಬೇಡ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಪ್ರಕಾರ ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಆದೇಶ ಬೇಕು. ಆ ಆದೇಶದ ಪ್ರತಿಯನ್ನೇ ಕೇಳು. ಅದರಲ್ಲಿ ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾವ ಉದ್ದೇಶಕ್ಕೆ ಎಂದು ಬರೆದಿರುತ್ತದೆ. ನಾಲ್ಕು ಎಕರೆಯಲ್ಲಿ ಒಂದೇ ಎಕರೆಗೆ ಎನ್‌ಎ ಆಗಿದ್ದು, ನಿನಗೆ ತೋರಿಸಿದ ಪ್ಲಾಟು ಉಳಿದ ಮೂರರಲ್ಲಿ ಇರಬಹುದು. ಎನ್‌ಎ ಆಗಿದ್ದು ವಸತಿಗೋ, ವಾಣಿಜ್ಯಕ್ಕೋ, ಕೈಗಾರಿಕೆಗೋ ಅದನ್ನೂ ಓದು. ಅದಾದ ಮೇಲೆ ಲೇಔಟಿನ ನಕಾಶೆಗೆ ನಗರ ಮತ್ತು ಗ್ರಾಮಾಂತರ ಯೋಜನೆಯವರ ಒಪ್ಪಿಗೆ ಸಿಕ್ಕಿದೆಯೋ ನೋಡು. ಒಪ್ಪಿಗೆಯಾದ ನಕಾಶೆಯಲ್ಲಿ ರಸ್ತೆಗೆ, ಉದ್ಯಾನಕ್ಕೆ, ಶಾಲೆಯಂಥ ಸಾರ್ವಜನಿಕ ಕೆಲಸಕ್ಕೆ ಇಷ್ಟಿಷ್ಟು ಎಂದು ಜಾಗ ಬಿಟ್ಟಿರುತ್ತಾರೆ. ಎಲ್ಲ ಪ್ಲಾಟು ಮಾರಿ ಮುಗಿದ ಮೇಲೆ ಆ ಉದ್ಯಾನದ ಜಾಗಕ್ಕೂ ಒಂದು ನಂಬರ್ ಕೊಟ್ಟು ಮಾರುವವರಿದ್ದಾರೆ. ನಕಾಶೆಯ ಮೇಲೆ ನಿನ್ನ ಪ್ಲಾಟಿನ ನಂಬರನ್ನು ಬೆರಳಿಟ್ಟು ಗುರುತಿಸು. ಸಿಗದಿದ್ದರೆ ಆ ಪ್ಲಾಟು ಇಲ್ಲವೆಂದೇ ತಿಳಿ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಬಾಂಡ್ ಪೇಪರ್ ಮೇಲೆ ಬರೆದುಕೊಡುವುದು. ಒಂದು ಗುಂಟೆಗೆ 1,089 ಚದರ ಅಡಿ, ಎಕರೆಗೆ 40 ಗುಂಟೆ. ಬಡವರ ಕೈಗೆಟುಕುವ ದರ, ಅದಕ್ಕೇ ಜನ ಮರುಳಾಗುತ್ತಾರೆ. ಆದರೆ ಬಾಂಡ್ ಪೇಪರಿನಿಂದ ನೆಲ ಯಾರದೂ ಆಗುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು. ಜನರಲ್ ಪವರ್ ಆಫ್ ಅಟಾರ್ನಿ, ಕರಾರು ಪತ್ರ ಇವುಗಳಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಮಾರುವುದಾದರೆ ಭೂಮಾಪಕರು ಅಳೆದು ಕೊಡುವ 11ಇ ನಕ್ಷೆ ಬೇಕು. ಅದಿಲ್ಲದೆ ‘ಮುಂದ ಮಾಡಿಸಿಕೊಡ್ತೀವಿ’ ಎಂದರೆ ಕಿವಿಗೆ ಹಾಕಿಕೊಳ್ಳಬೇಡ.

ಅಫಜಲಪುರದ ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ, ಎಲ್ಲರೂ ಇಸಿ ಅನ್ನುವುದು, ತೆಗೆಸು. ಈಚಿನ ವರ್ಷಗಳದ್ದು ‘ಕಾವೇರಿ’ ಜಾಲತಾಣದಲ್ಲೇ ಸಿಗುತ್ತದೆ. ಕಂಪ್ಯೂಟರಿಗೂ ಮೊದಲಿನದಕ್ಕೆ ಕಚೇರಿಯ ಪುಸ್ತಕವೇ ಗತಿ. ವಕೀಲರು ಕಡೇಪಕ್ಷ 30 ವರ್ಷದ್ದನ್ನು ಕೇಳುತ್ತಾರೆ, ನೀನೂ ಕೇಳು. ಒಂದು ಎಚ್ಚರ ಇರಲಿ. ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಬರುತ್ತದೆ. ಅಣ್ಣತಮ್ಮಂದಿರ ನಡುವಿನ ಬಾಯಿಮಾತಿನ ವಾಟ್ನಿಯಾಗಲಿ (ಆಸ್ತಿಯ ಪಾಲು), ನೋಂದಣಿಯಾಗದ ಇಸಾರ ಚೀಟಿಯಾಗಲಿ ಅದರಲ್ಲಿ ಇರುವುದಿಲ್ಲ. ಅದನ್ನು ಊರಿನ ಹಿರಿಯರ ಬಾಯಿಂದಲೇ ತಿಳಿಯಬೇಕು.

ನಮ್ಮ ಭಾಗದ ಜಮೀನಿಗೆ ಇನ್ನೊಂದು ಹಳೇ ಕಾಗದ ಇದೆ, ಬೆಂಗಳೂರಿನವರಿಗೆ ಅದು ಗೊತ್ತಿರುವುದಿಲ್ಲ. ಕಲಬುರಗಿ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಈ ಎರಡರ ನಡುವೆ, 1954–55ರಲ್ಲಿ ಬರೆದದ್ದು ಖಾಸ್ರಾ ಪಹಣಿ. ಈ ಸೀಮೆಯ ಜಮೀನಿನ ವ್ಯಾಜ್ಯಗಳಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ. ಜಮೀನು ಇನಾಮಿನದೋ, ಗುಡಿಯದೋ, ದರ್ಗಾದ್ದೋ, ಸರಕಾರಿಯೋ ಎಂಬ ಅನುಮಾನ ಬಂದರೆ ಆ ಖಾಸ್ರಾ ಪಹಣಿಯನ್ನು ನೋಡು. ಅಲ್ಲಿಂದ ಇಲ್ಲಿಯವರೆಗೆ ಕೈ ಬದಲಾದದ್ದು ಒಂದಕ್ಕೊಂದು ಕೂಡಿಕೊಂಡು ಬರಬೇಕು. ನಡುವೆ ಒಂದು ಕೊಂಡಿ ಕಾಣೆಯಾಗಿದ್ದರೆ ಕಾರಣ ಕೇಳು.

ಇಲ್ಲೇ ಇನ್ನೊಂದನ್ನು ಹೇಳಬೇಕು. ಇದು ಕಾನೂನಿನ ಮಾತೂ ಹೌದು, ಮನುಷ್ಯತ್ವದ ಮಾತೂ ಹೌದು. ಭೂಮಿ ಇಲ್ಲದ ದಲಿತ, ಬುಡಕಟ್ಟು ಕುಟುಂಬಗಳಿಗೆ ಸರಕಾರ ಮಂಜೂರು ಮಾಡಿದ ಜಮೀನುಗಳಿವೆ. ಅವು ಉಳ್ಳವರ ಪಾಲಾಗಬಾರದು ಎಂದೇ 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ಬಂತು, ಪಿಟಿಸಿಎಲ್ ಎನ್ನುತ್ತಾರೆ. ಸರಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಕೊಂಡರೆ ಆ ಖರೀದಿಯೇ ಅಸಿಂಧು. ಕೊಂಡು ಎಷ್ಟೋ ವರ್ಷವಾಗಿದೆ ಎಂಬ ನೆಪವೂ ನಡೆಯದಂತೆ 2023ರಲ್ಲಿ ತಿದ್ದುಪಡಿ ಮಾಡಿದ್ದಾರೆ. ನೀನು ಕೇಳುವ ಜಮೀನು ಅಂಥದ್ದೆಂದು ತಿಳಿದರೆ ದರ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡು. ಒಬ್ಬರ ಕೈಯ ತುತ್ತಿನ ಮೇಲೆ ನಮ್ಮ ಮನೆಯ ಬುನಾದಿ ಬೇಡ.

ಪಂಚಾಯಿತಿಯ ಕಾಗದಕ್ಕೆ ಬರುತ್ತೇನೆ. 2013ರಿಂದ ಇ-ಸ್ವತ್ತು ಬಂದಿದೆ. ನಮೂನೆ 9 ಮತ್ತು 11ಎ ಇದ್ದರೆ ಅಧಿಕೃತ ಆಸ್ತಿ ಎಂದು ಲೆಕ್ಕ. ಬರೀ 11ಬಿ ಇದ್ದರೆ ಒಪ್ಪಿಗೆ ಇಲ್ಲದ ಆಸ್ತಿಯಿಂದಲೂ ಕರ ವಸೂಲಿ ಆಗುತ್ತಿದೆ ಎಂದಷ್ಟೇ ಅರ್ಥ. ‘ಪಾವತಿ ಅದ, ಕರ ಕಟ್ಟೀವಿ’ ಎಂದು ಮುಖದ ಮುಂದೆ ರಸೀದಿ ಹಿಡಿಯುತ್ತಾರೆ. ಕರದ ರಸೀದಿ ಹಕ್ಕಿನ ಪತ್ರವಲ್ಲ, ಕಟ್ಟಡದ ಪರವಾನಗಿಯೂ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿಯನ್ನು ಬೇರೆಯಾಗಿಯೇ ಪಡೆಯಬೇಕು. ಕೊಳ್ಳುವ ಮೊದಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಹೋಗಿ, ಈ ನಂಬರಿನ ಜಾಗಕ್ಕೆ ಪರವಾನಗಿ ಸಿಗುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಮನೆಸಾಲ ಕೊಡುವ ಬ್ಯಾಂಕಿಗೂ ಇದೇ ಕಾಗದ ತೋರಿಸು. ಅವರ ವಕೀಲರು ಒಪ್ಪದ ಜಾಗವನ್ನು ನಾವು ಯಾಕೆ ಒಪ್ಪಬೇಕು?

ಈಗ ನಕಾಶೆ. ನಾವು ಅಳೆಯುತ್ತಿದ್ದದ್ದು 33 ಅಡಿಯ ಸರಪಳಿಯಿಂದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಇವತ್ತು ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದರೆ ನೀನು ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಮಾರುವವರು ಹೇಳಿದ ನಂಬರಿನ ಹೊಲದಲ್ಲೇ ನಿಂತಿದ್ದೇವೋ ಇಲ್ಲವೋ ನೋಡಲು ಅದು ಒಳ್ಳೇದು. ಗಡಿ ಗುರುತಿಸಲು ಅದನ್ನು ನೆಚ್ಚಬೇಡ, ಕೆಲವು ಮೀಟರ್ ಆಚೀಚೆ ಆಗುತ್ತದೆ. 30 ಅಡಿ ಅಗಲದ ಪ್ಲಾಟಿನಲ್ಲಿ ಕೆಲವು ಮೀಟರ್ ಅಂದರೆ ಒಂದು ಕೋಣೆಯೇ ಹೋಯಿತು. ಗಡಿಗೆ ಹದ್ದುಬಸ್ತು ಅರ್ಜಿ ಹಾಕಿಸು. ಭೂಮಾಪಕರು ಟಿಪ್ಪಣಿ, ಆಕಾರಬಂದ್ ಎಂಬ ಅಳತೆಯ ದಾಖಲೆಗಳನ್ನು ಹಿಡಿದು ಬಂದು, ಸುತ್ತಲಿನ ಹೊಲದವರಿಗೆ ನೋಟಿಸು ಕೊಟ್ಟು, ಅವರ ಎದುರಿಗೇ ಅಳೆದು ಹದ್ದು ತೋರಿಸುತ್ತಾರೆ. ಪಕ್ಕದ ಹೊಲದವರ ಎದುರು ನೆಟ್ಟ ಕಲ್ಲಿಗೆ ಇರುವ ಬಲ, ರಾತ್ರಿ ಸುಣ್ಣ ಬಳಿದ ಕಲ್ಲಿಗೆ ಇಲ್ಲ.

ದಾರಿ ಇದೆಯೇ ಎಂಬುದನ್ನು ಗ್ರಾಮ ನಕಾಶೆಯಲ್ಲಿ ನೋಡು. ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲವನ್ನೂ ಅದರಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಫೋಟೋದಲ್ಲಿ ಕಾಣುವ ಟ್ರ್ಯಾಕ್ಟರ್ ಗಾಲಿಯ ಗುರುತು ಯಾರೋ ಪುಣ್ಯಾತ್ಮ ಸುಗ್ಗಿಯಲ್ಲಿ ಬಿಟ್ಟುಕೊಟ್ಟ ದಾರಿಯಾಗಿರಬಹುದು. ಅವನ ಮಕ್ಕಳ ಕಾಲಕ್ಕೆ ಅಲ್ಲಿ ಬೇಲಿ ಬೀಳಬಹುದು. ನೀನು ನೋಡಿದ ಪ್ಲಾಟು ರಸ್ತೆಯ ಪಕ್ಕದ್ದು ಎಂದು ಹಿಗ್ಗಿದ್ದೀಯ. ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ಆ ರಸ್ತೆಯ ದರ್ಜೆ ಕೇಳು. ಊರ ಹೊರಗಿನ ಬಯಲಿನಲ್ಲಿ ರಾಜ್ಯ ಹೆದ್ದಾರಿಯಾದರೆ ರಸ್ತೆಯ ನಡುಗೆರೆಯಿಂದ 40 ಮೀಟರ್, ಜಿಲ್ಲಾ ಮುಖ್ಯ ರಸ್ತೆಯಾದರೆ 25 ಮೀಟರ್ ಬಿಟ್ಟು ಕಟ್ಟಬೇಕೆಂಬುದು ಸಾಮಾನ್ಯ ಕಟ್ಟಡ ರೇಖೆ. ನಿನ್ನ ಪ್ಲಾಟಿನ ಆಳ 40 ಅಡಿ, ಅಂದರೆ ಸುಮಾರು 12 ಮೀಟರ್. ಮುಂಚೂಣಿಯ ಪ್ಲಾಟು ಇಡಿಯಾಗಿ ಆ ರೇಖೆಯೊಳಗೆ ಬಿದ್ದರೆ ಅಲ್ಲಿ ಒಂದು ಇಟ್ಟಂಗಿಯನ್ನೂ ಇಡಲು ಬರುವುದಿಲ್ಲ. ತಲೆ ಎತ್ತಿ ತಂತಿಯನ್ನೂ ನೋಡು. 11 ಕೆವಿ ತಂತಿ ಹಾದಿದ್ದರೆ ಮನೆಯಿಂದ ಅಡ್ಡಕ್ಕೆ 1.2 ಮೀಟರ್, ಮಾಳಿಗೆಯಿಂದ ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು. 33 ಕೆವಿ ಆದರೆ ಅಡ್ಡಕ್ಕೆ 2 ಮೀಟರ್. ಜೆಸ್ಕಾಂನವರು ತಂತಿ ಸರಿಸುತ್ತಾರೆ ಎಂದು ಯಾರಾದರೂ ಹೇಳಿದರೆ, ಖರ್ಚು ಯಾರದು ಎಂದು ಬರಹದಲ್ಲಿ ಕೇಳು.

ಮಣ್ಣಿನ ವಿಷಯ ನಿಧಾನವಾಗಿ ಓದು. ಕಾಗದ ತಪ್ಪಿದ್ದರೆ ಕೆಲವೊಮ್ಮೆ ತಿದ್ದಿಸಬಹುದು, ಮನೆ ಏರಿದ ಮೇಲೆ ಕೆಳಗಿನ ಮಣ್ಣನ್ನು ತಿದ್ದಲಾಗದು. ನಮ್ಮದು ಎರೆಭೂಮಿ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಬೆಳೆಯುವುದು ಈ ಕರಿಮಣ್ಣಿನಲ್ಲೇ. ಬೆಳೆಗೆ ತಾಯಿಯಾದ ಈ ಮಣ್ಣು ಗೋಡೆಗೆ ಒಗ್ಗುವುದಿಲ್ಲ. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಮನೆಯ ಒಂದು ಮೂಲೆ ಮೇಲೇಳುತ್ತದೆ, ಇನ್ನೊಂದು ಕುಸಿಯುತ್ತದೆ, ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಿಡುತ್ತದೆ. ಹೊಸ ಬಡಾವಣೆಗಳಲ್ಲಿ ಅಂಥ ಬಿರುಕಿನ ಮನೆಗಳನ್ನು ನೀನೇ ಕಂಡಿದ್ದೀಯ.

ಆದ್ದರಿಂದ ಪ್ಲಾಟಿನ ಮಾಲಿಕರನ್ನು ಕೇಳಿ ಎರಡು ಮೂಲೆಗೆ ಆಳವಾಗಿ ತಗ್ಗು ತೋಡಿಸು. ಎಷ್ಟು ಅಡಿಗೆ ಗರಸು ಸಿಗುತ್ತದೆ, ಎಷ್ಟಕ್ಕೆ ಬಂಡೆ ಸಿಗುತ್ತದೆ ನೋಡು. ನಾಲ್ಕೈದು ಅಡಿಗೆ ಗಟ್ಟಿ ಗರಸು ಸಿಕ್ಕರೆ ಅಲ್ಲಿಂದಲೇ ಬುನಾದಿ ಎಬ್ಬಿಸಬಹುದು. ಎರೆ ಆಳಕ್ಕೆ ಇಳಿದಿದ್ದರೆ ಖರ್ಚು ಏರುತ್ತದೆ. ಮಣ್ಣಿನೊಳಗಿನ ತೇವ ಋತುವಿಗೆ ತಕ್ಕಂತೆ ಏರಿಳಿಯುವುದು ಸುಮಾರು 3.5 ಮೀಟರ್ ಆಳದವರೆಗೆ. ಅದಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬದ ಬುನಾದಿಯನ್ನು ರೂಪಿಸಿ ಕೊಟ್ಟಿದ್ದಾರೆ, ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯುವ ಪರೀಕ್ಷೆಯೂ ಸರಳ. ಜರಡಿ ಹಿಡಿದ ಒಣ ಮಣ್ಣು ಹತ್ತು ಹತ್ತು ಗ್ರಾಂ ತೂಗಿ, ಅಳತೆಯ ಗಾಜಿನ ಒಂದು ನಳಿಗೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವೇ ಲೆಕ್ಕ. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯ ಇರುತ್ತದೆ, ಕಲಬುರಗಿಯಲ್ಲಿ ವಿಚಾರಿಸು. ಈ ಖರ್ಚು ಕೂಡಿಸಿದ ಮೇಲೆ ಪ್ಲಾಟಿನ ನಿಜವಾದ ಬೆಲೆ ಎಷ್ಟು ಎಂಬುದು ಗೊತ್ತಾಗುತ್ತದೆ.

ನೀರಿಗಾಗಿ ಜಾಗವನ್ನು ಎರಡು ಸಲ ನೋಡಬೇಕು, ಬೇಸಿಗೆಯಲ್ಲಿ ಒಮ್ಮೆ, ಉತ್ತರೆ–ಹಸ್ತದ ಮಳೆಯಲ್ಲಿ ಒಮ್ಮೆ. 2020ರ ಅಕ್ಟೋಬರ್ ನಿನಗೂ ನೆನಪಿರಬೇಕು. ಉಜನಿ ಜಲಾಶಯದ ನೀರೂ ಮೇಲಿನ ಮಳೆಯೂ ಕೂಡಿ ಭೀಮಾ ಹೊಳೆ ಉಕ್ಕಿ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಊರುಗಳಲ್ಲಿ ಜನ ಮನೆ ಬಿಟ್ಟು ಓಡಿದರು. ಹೊಳೆಗೆ ಏರಿಕೆ ಬಂದಾಗ ಅದನ್ನು ಸೇರುವ ಹಳ್ಳಗಳ ನೀರು ಮುಂದೆ ಸರಿಯದೆ ಹಿಂದಕ್ಕೆ ಒತ್ತುತ್ತದೆ. ಹೊಳೆ ದೂರ ಇದೆಯೆಂದು ಸುಮ್ಮನಿರಬೇಡ. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಹೊಲದ ರೈತನನ್ನು, ದನ ಕಾಯುವ ಹುಡುಗರನ್ನು ಕೇಳು. ಮಾರುವವರ ಮುಂದೆ ಕೇಳಬೇಡ, ಅವರು ಹೋದ ಮೇಲೆ ಕೇಳು.

ಇನ್ನು ನಮ್ಮ ಹಳೇ ಮನೆಯ ಜಾಗ. ಅದು ಗಾಂವಠಾಣದ, ಅಂದರೆ ಊರ ಜನವಸತಿಯ ನೆಲದ, ಒಳಗಿನದು, ಅದಕ್ಕೆ ಪಹಣಿ ಇಲ್ಲ, ಎನ್‌ಎ ಗೊಡವೆಯೂ ಇಲ್ಲ. ದಾಖಲೆ ಪಂಚಾಯಿತಿಯಲ್ಲಿರುತ್ತದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ಇಂಥ ಜನವಸತಿಯ ನೆಲವನ್ನೇ ಡ್ರೋನ್ ಹಾರಿಸಿ ಅಳೆದು ಮಾಲೀಕರಿಗೆ ಕಾರ್ಡು ಕೊಡಲು ಬಂದದ್ದು. ನಮ್ಮ ಕಾರ್ಡಿನ ವಿಚಾರ ನಾನು ನೋಡುತ್ತೇನೆ. ಆದರೆ ಖಾತೆ ಇನ್ನೂ ನಿನ್ನ ಅಜ್ಜನ ಹೆಸರಲ್ಲೇ ಇದೆ, ಫೌತಿ ಮಾಡಿಸಿ ವಾರಸುದಾರರ ಹೆಸರಿಗೆ ತರಬೇಕು. ಅದರಲ್ಲಿ ನನಗೆ, ನಿನ್ನ ಅಪ್ಪನಿಗೆ ಇರುವಷ್ಟೇ ಹಕ್ಕು ನಿನ್ನ ಅತ್ತೆಗೂ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲಾಗುವವರೆಗೆ ಹೆಣ್ಣುಮಗಳು ಪಾಲು ಕೇಳುವಂತಿಲ್ಲ ಎಂದು ಮೊದಲೊಂದು ಕಲಂ ಇತ್ತು, ಅದನ್ನೂ 2005ರಲ್ಲಿ ತೆಗೆದುಹಾಕಿದರು. ಅತ್ತೆ ಏನೂ ಕೇಳುವವಳಲ್ಲ ಎಂದು ನಮಗೆಲ್ಲ ಗೊತ್ತು. ಕೇಳದವಳ ಪಾಲನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಅವಳ ಮನೆಗೆ ಹೋಗಿ, ಅವಳ ಪಾಲಿನ ಬೆಲೆ ಮುಂದಿಟ್ಟು, ಅವಳು ಮನಸ್ಸಾರೆ ಒಪ್ಪಿದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸೋಣ. ಅದಿಲ್ಲದೆ ಅಲ್ಲಿ ಗುದ್ದಲಿ ಪೂಜೆ ಬೇಡ.

ಊರೊಳಗಿನ ಹಳೇ ಜಾಗಕ್ಕೆ ಅದರದೇ ಅಪಾಯವೂ ಇದೆ. ಹಿಂದಿನವರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಡಿ ಆಳವಾಗಿ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಬಳಕೆ ನಿಂತ ಮೇಲೆ ಎಷ್ಟೋ ಹಗೇವುಗಳು ಹಾಗೇ ಮುಚ್ಚಿಹೋಗಿವೆ, ಅವುಗಳ ಮೇಲೆ ಕಂಬ ನಿಂತರೆ ಒಂದು ದಿನ ನೆಲ ಕುಸಿಯುತ್ತದೆ. ಹಾರೆಯಿಂದ ಅಲ್ಲಲ್ಲಿ ಕುಟ್ಟಿ ಟೊಳ್ಳು ಸದ್ದು ಬರುತ್ತದೆಯೇ ನೋಡಬೇಕು, ಓಣಿಯ ಮುದುಕರನ್ನು ಕೇಳಬೇಕು. ಸಿಕ್ಕರೆ ಪೂರ್ತಿ ಬಗೆದು ಗರಸು ತುಂಬಿ ದಮ್ಮಸು ಮಾಡಿಸಬೇಕು. ಒಳಗೆ ವಿಷಗಾಳಿ ಇರಬಹುದು, ಕೂಲಿಯವರನ್ನು ಸುಮ್ಮನೆ ಇಳಿಸಬಾರದು. ಮಗ್ಗುಲ ಮನೆಯ ಗೋಡೆಯ ಮೇಲೂ ಕಣ್ಣಿರಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥವೇ ಮಣ್ಣು–ಕಲ್ಲಿನ ಗೋಡೆ, ದಪ್ಪ ಮಣ್ಣಿನ ಮಾಳಿಗೆಗಳ ಅಡಿಯಲ್ಲಿ. ನಮ್ಮ ಜಿಲ್ಲೆಯ ಆಳಂದದವರಿಗೆ ಕಿಲ್ಲಾರಿ ದೂರದ ಊರಲ್ಲ. ನಾವು ಬುನಾದಿ ತೋಡಿದ್ದರಿಂದ ನೆರೆಯವರ ಗೋಡೆ ಸಡಿಲಾಗಬಾರದು.

ಇಷ್ಟೆಲ್ಲ ಓದಿ ಹೆದರಬೇಡ ಅವ್ವಾ. ಇದರಲ್ಲಿ ದೊಡ್ಡ ದುಡ್ಡಿನ ಕೆಲಸ ಒಂದೂ ಇಲ್ಲ, ತಾಳ್ಮೆಯ ಕೆಲಸ ಮಾತ್ರ ಇದೆ. ಇವತ್ತೇ ಕೊಡದಿದ್ದರೆ ಬೇರೆಯವರು ಹಾರಿಸಿಕೊಂಡು ಹೋಗುತ್ತಾರೆ ಎಂದು ಅವಸರ ಮಾಡುವವರ ಪ್ಲಾಟು ಹೋದರೆ ಹೋಗಲಿ. ಒಳ್ಳೆಯ ಜಾಗದ ಮಾಲಿಕ ಕಾಗದ ತೋರಿಸಲು ಹಿಂಜರಿಯುವುದಿಲ್ಲ, ಅಳೆಯಲು ಬಂದವರನ್ನು ತಡೆಯುವುದಿಲ್ಲ, ತಗ್ಗು ತೋಡಲು ಬೇಡ ಅನ್ನುವುದಿಲ್ಲ.

ನನ್ನ ತೀರ್ಮಾನ ಹೇಳುತ್ತೇನೆ. ರಸ್ತೆಯ ಪ್ಲಾಟಿಗೆ ಈಗ ಇಸಾರ ಬೇಡ. ಸರ್ವೆ ನಂಬರ್, ಎನ್‌ಎ ಆದೇಶ, ಲೇಔಟಿನ ನಕಾಶೆ ಈ ಮೂರನ್ನು ಅವರಿಂದ ತರಿಸಿ ನನಗೆ ಕಳಿಸು. ಅಷ್ಟರಲ್ಲಿ ನಾನು ಊರೊಳಗಿನ ಜಾಗದ ಫೌತಿಗೆ ಅರ್ಜಿ ಹಾಕಿರುತ್ತೇನೆ. ನೀನು ರಜೆ ಹಾಕಿ ಬಾ, ಮೊದಲು ಅತ್ತೆಯ ಮನೆಗೆ ಹೋಗೋಣ, ಆಮೇಲೆ ಎರಡೂ ಕಡೆ ತಗ್ಗು ತೋಡಿಸೋಣ. ನಿನ್ನ ಜೊತೆ ಕೆಲಸ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಈ ಕಾಗದ ತೋರಿಸು, ಪ್ಲಾಟಿನ ಫೋಟೋ ನೋಡಿ ದುಡ್ಡು ಕಳಿಸಬೇಡಿರೆಂದು ಹೇಳು. ಕಾಗದ ಓದಿ, ನೆಲ ಅಳೆದು, ಮಣ್ಣು ನೋಡಿ ಆದ ಮೇಲೆಯೇ ಇಸಾರ ಕೊಡಿ.

ಇಂತಿ ನಿನ್ನ ಹಿತ ಬಯಸುವ,
ಕಾಕಾ